ನಂದು

ಬಸ್ಸಿಳಿದು ಬೀದಿಯ ತಿರುವಿಗೆ ಬರುತ್ತಿದ್ದ ಹಾಗೆಯೇ, ಮನೆ ಹತ್ತಿರವಾಯಿತು ಅಂತ ಅವಳ ಕಣ್ಣಿಗಿಂತ ಮೊದಲು ಬೆನ್ನಿಗೆ ಗೊತ್ತಾಯಿತು. ಪಾಪ, ಆ ಬೆನ್ನು ಪಟ್ಟ ಪಾಡು ಅಷ್ಟಿಷ್ಟಲ್ಲ. ಇಡೀ ಚಳಿಗಾಲ ಅದು ಡೇರೆಯೊಳಗೆ ಮಲಗಿತ್ತು. ಕಲ್ಲಿನ ಮೇಲೆ, ಮರದ ಬೇರಿನ ಮೇಲೆ, ಒಂದು ಸಲವಂತೂ ಯಾರೋ ಮರೆತು ಬಿಟ್ಟ ಸುತ್ತಿಗೆಯ ಮೇಲೆ. ಬೆಳಿಗ್ಗೆ ಸುತ್ತಿಗೆ ಸಿಕ್ಕಿತಲ್ಲ ಅಂತ ಖುಷಿ ಅವರಿಗೆ, ನೋವು ಇವಳಿಗೆ.

ಅಳತೆಯವರ ತಂಡದಲ್ಲಿ ಅವಳದು ಅಡುಗೆಗೆ ಕೈಜೋಡಿಸುವ ಕೆಲಸ. ಕರೆಂಟಿನ ದೊಡ್ಡ ಕಂಬಗಳು ಎಲ್ಲಿ ನಿಲ್ಲಬೇಕು ಅಂತ ಗುಡ್ಡಗಳ ಮೇಲೆ ಅಳೆಯುತ್ತ ಹೋಗುವವರು ಅವರು. ಅವರು ಮುಂದೆ ಮುಂದೆ ಹೋದ ಹಾಗೆ ಡೇರೆ, ಒಲೆ, ಪಾತ್ರೆಗಳೆಲ್ಲ ಹಿಂದೆ ಹಿಂದೆ. ಒಂದು ಜಾಗದಲ್ಲಿ ಒಲೆ ಪಳಗಿ ಹದಕ್ಕೆ ಬಂತು ಅನ್ನುವಷ್ಟರಲ್ಲಿ ಗಂಟುಮೂಟೆ ಕಟ್ಟುವ ಹೊತ್ತು ಬಂದಿರುತ್ತಿತ್ತು.

ಅಲ್ಲಿ ಅವಳು ಬಿಡುವು ಸಿಕ್ಕಾಗಲೆಲ್ಲ ನೆನೆಯುತ್ತಿದ್ದದ್ದು ಒಂದನ್ನೇ: ಮನೆಯಲ್ಲಿನ ತನ್ನ ಮೂಲೆ. ಮೂಲೆ ಅಂದರೆ ಹೇಳಿಕೊಳ್ಳುವಂಥದ್ದೇನೂ ಅಲ್ಲ. ಅಡುಗೆಮನೆಯ ಗೋಡೆಗೆ ತಾಗಿದ ಒಂದು ಮಂಚ, ಪಕ್ಕದಲ್ಲಿ ಓಣಿಗೆ ತೆರೆದುಕೊಳ್ಳುವ ಕಿಟಕಿ, ಕೈಗೆಟಕುವ ಹಲಗೆಯ ಮೇಲೆ ಒಂದು ಲೋಟ. ಗೋಡೆಯ ಆ ಕಡೆ ಒಲೆ, ಈ ಕಡೆ ಅವಳ ಬೆನ್ನು. ಸಂಜೆ ಅಮ್ಮ ಅಡುಗೆ ಮುಗಿಸುವ ಹೊತ್ತಿಗೆ ಗೋಡೆ ಬೆಚ್ಚಗಾಗಿರುತ್ತಿತ್ತು. ತಲೆಯ ಮೇಲೆ ದೀಪದ ಸ್ವಿಚ್ಚು. ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದರೆ ಸರಿಯಾಗಿ ಬೆರಳಿಗೆ ಸಿಗುತ್ತಿತ್ತು. ಡೇರೆಯಲ್ಲಿ ಮಲಗಿದಾಗಲೂ ನಿದ್ದೆಗಣ್ಣಿನಲ್ಲಿ ಕೈ ತಾನಾಗಿ ಮೇಲೆ ಹೋಗಿ ಸ್ವಿಚ್ಚು ಹುಡುಕುತ್ತಿತ್ತು. ಒಮ್ಮೆ ಹಾಗೆ ಹುಡುಕುತ್ತ ಪಕ್ಕದಲ್ಲಿ ಮಲಗಿದ್ದ ಮುಖ್ಯ ಅಡುಗೆಯವಳ ಮೂಗನ್ನು ಒತ್ತಿಬಿಟ್ಟಿದ್ದಳು.

"ಏನೇ ಹುಡುಗಿ, ನನ್ನ ಮೂಗು ಒತ್ತಿದ್ರೆ ದೀಪ ಹತ್ತುತ್ತಾ?" ಅಂತ ಆಕೆ ಹಾಕಿದ ಕೂಗಿಗೆ ಅಕ್ಕಪಕ್ಕದ ಡೇರೆಗಳಲ್ಲಿ ನಿಜವಾಗಿಯೂ ದೀಪಗಳು ಹತ್ತಿದವು.

ತಂಡದವರೆಲ್ಲ ಆ ಅಡುಗೆಯವಳನ್ನು ಗುಡುಗಜ್ಜಿ ಅನ್ನುತ್ತಿದ್ದರು. ಆಕೆಗೆ ಮೆಲ್ಲಗೆ ಮಾತಾಡುವುದು ಬರುತ್ತಲೇ ಇರಲಿಲ್ಲ. ಇವಳಿಗೋ, ಜೋರಾಗಿ ಮಾತಾಡುವುದು ಬರುತ್ತಿರಲಿಲ್ಲ. ಮನೆಯಲ್ಲಿ ಇವಳ ಅಡ್ಡಹೆಸರೇ ಬೆಕ್ಕು. ಯಾವಾಗ ಬಂತು, ಯಾವಾಗ ಹೋಯಿತು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಏನು ಕೇಳಿದರೂ "ಪರವಾಗಿಲ್ಲ" ಅನ್ನುವುದೊಂದೇ ಅವಳ ಉತ್ತರ. ಊಟ ತಣ್ಣಗಾಗಿದೆಯಾ? ಪರವಾಗಿಲ್ಲ. ನಿನ್ನ ಕೊಡೆ ಅಣ್ಣ ತಗೊಂಡು ಹೋದನಾ? ಪರವಾಗಿಲ್ಲ.

ಈ ಪರವಾಗಿಲ್ಲ ಡೇರೆಗಳ ನಡುವೆ ನಡೆಯಲಿಲ್ಲ. ಅಲ್ಲೊಂದು ಕಾನೂನಿತ್ತು. ಹೊಸ ಜಾಗಕ್ಕೆ ಹೋದ ಕೂಡಲೇ ಪ್ರತಿಯೊಬ್ಬರೂ ಮಲಗಲು ಒಳ್ಳೆಯ ನೆಲ ಹುಡುಕಿ, ಅಲ್ಲಿ ತಮ್ಮ ಚೀಲ ದೊಪ್ಪೆಂದು ಕೆಡವಿ, ಗಟ್ಟಿಯಾಗಿ "ನಂದು!" ಅನ್ನಬೇಕು. ಅಂದರೆ ಮುಗಿಯಿತು, ಆ ಜಾಗ ಅವರದೇ. ಸರ್ವೆ ಸಾಹೇಬರೇ ಬಂದರೂ ಅಲ್ಲಿಂದ ಎಬ್ಬಿಸುವಂತಿಲ್ಲ. ಚೀಲ ಇಟ್ಟು ಸುಮ್ಮನೆ ನಿಂತರೆ ಮಾತ್ರ ಲೆಕ್ಕಕ್ಕಿಲ್ಲ. ಹಾಗೆ ಸುಮ್ಮನೆ ನಿಂತೇ ಮೊದಮೊದಲು ಇವಳ ಪಾಲಿಗೆ ಇಳಿಜಾರು, ಬೇರು, ಸುತ್ತಿಗೆ ಬಂದದ್ದು.

"ಬಾಯಿ ಬಿಡೆ!" ಅಂತ ಗುಡುಗಜ್ಜಿ ಗದರಿದ್ದಳು. "ಇಲ್ಲಿ ಯಾರೂ ಕೆಟ್ಟವರಲ್ಲ ಕಣೆ. ಆದ್ರೆ ಯಾರಿಗೂ ನಿನ್ನ ಮನಸ್ಸಲ್ಲಿ ಇರೋದು ಕೇಳ್ಸಲ್ಲ. ಹೊಳೆ ಆಚೆಗೆ ಕೇಳ್ಬೇಕು, ಹಂಗೆ ಕೂಗು."

ಮೊದಲ ಸಲ ಕೂಗಿದಾಗ ಅವಳ ಕಿವಿ ಬಿಸಿಯಾಗಿತ್ತು. ಆದರೆ ಆ ದಿನ ಸಿಕ್ಕಿದ್ದು ಮರದಡಿಯ ಸಮತಟ್ಟು ನೆಲ, ಒಣಗಿದ ಎಲೆಯ ಮೆತ್ತೆ. ಆಮೇಲಾಮೇಲೆ ಅಭ್ಯಾಸವಾಯಿತು. ಚೀಲ ನೆಲಕ್ಕೆ ಬಿದ್ದ ಸದ್ದಿಗೆ ಬಾಯಿ ತಾನಾಗಿ ತೆರೆಯುತ್ತಿತ್ತು.

ಇಂಥ ಹುಡುಗಿ ಈಗ ಮನೆಯ ಬಾಗಿಲಿಗೆ ಬಂದಳು.

"ಬಂದ್ಯಾ ಬೆಕ್ಕು!" ಅಮ್ಮ ಕೈಯೊರೆಸಿಕೊಳ್ಳುತ್ತ ಓಡಿ ಬಂದು ಅವಳ ಕೆನ್ನೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. "ಅಯ್ಯೋ, ಹೇಗೆ ಬಡಕಲಾಗಿದೀಯೇ! ಅಡುಗೆ ಮಾಡೋರಿಗೇ ಅಲ್ಲಿ ಊಟ ಹಾಕಲ್ವಾ?"

"ಕೂದಲಲ್ಲಿ ಹಕ್ಕಿ ಗೂಡು ಕಟ್ಟಿದೆಯೇನೋ ನೋಡಮ್ಮ," ಅಂದ ಅಣ್ಣ. ಅವನದು ಲಿಫ್ಟ್ ರಿಪೇರಿ ಕೆಲಸ. ದಿನವಿಡೀ ಮೇಲೆ ಕೆಳಗೆ ಓಡಾಡುವುದಕ್ಕೋ ಏನೋ, ಮನೆಯಲ್ಲಿ ಕೂತಲ್ಲಿಂದ ಏಳುತ್ತಿರಲಿಲ್ಲ.

ಅಪ್ಪ ಮುಂದಿನ ಕೋಣೆಯ ಕಿಟಕಿಯ ಬಳಿ, ತನ್ನ ದೊಡ್ಡ ಮೇಜಿನ ಮುಂದೆ ಕೂತಿದ್ದ. ಮೇಜಿನ ತುಂಬ ಹೊಟ್ಟೆ ಬಗೆದ ಹಳೆಯ ರೇಡಿಯೋಗಳು. ಬೀದಿಯವರೆಲ್ಲ ಬಿಸಾಡಲು ಹೊರಟದ್ದನ್ನು ತಂದು ಗುಡ್ಡೆ ಹಾಕಿದ್ದ. ಇವತ್ತು ಸರಿಮಾಡುತ್ತೇನೆ, ನಾಳೆ ಸರಿಮಾಡುತ್ತೇನೆ ಅಂದುಕೊಂಡೇ ವರ್ಷಗಳು ಹೋಗಿದ್ದವು. ಈವರೆಗೆ ಒಂದೂ ಬಾಯಿ ಬಿಟ್ಟಿರಲಿಲ್ಲ. ಮಗಳನ್ನು ನೋಡಿ ಸ್ಕ್ರೂಡ್ರೈವರ್ ಎತ್ತಿ ಆಡಿಸಿದ. ಅಪ್ಪನ ಪ್ರೀತಿ ಅಷ್ಟರಲ್ಲೇ ಬರುತ್ತಿತ್ತು, ಅದು ಅವಳಿಗೆ ಸಾಕಾಗುತ್ತಿತ್ತು.

ಚೀಲವನ್ನು ಬಾಗಿಲ ಬಳಿಯೇ ಬಿಟ್ಟು ಅವಳು ನೇರ ಬಚ್ಚಲಿಗೆ ಹೋದಳು. ನಲ್ಲಿ ತಿರುಗಿಸಿದರೆ ಬಿಸಿನೀರು! ಕಟ್ಟಿಗೆ ಆಯಬೇಕಿಲ್ಲ, ಊದಬೇಕಿಲ್ಲ, ಹೊಗೆಗೆ ಅಳಬೇಕಿಲ್ಲ. ಆ ನಲ್ಲಿ ಮೊದಲಿನಿಂದಲೂ ಕೀರಲು ದನಿಯಲ್ಲಿ ಕಿರುಚುವಂಥದ್ದು; ಇವತ್ತು ಅದೂ ಹಿತವಾಗಿ ಕೇಳಿತು. ಕಾಲಡಿಯ ನೆಲ ಗಟ್ಟಿಯಾಗಿ, ಮಟ್ಟಸವಾಗಿ ನಿಂತಿತ್ತು. ಒಣಗಿದ ಟವೆಲ್ಲು ನಿಜವಾಗಿಯೂ ಒಣಗಿತ್ತು. ಅಲ್ಲಿ ಟವೆಲ್ಲು ಅನ್ನುವುದು ಬರೀ ಹೆಸರಿಗೆ, ಒಬ್ಬರ ಒದ್ದೆಯನ್ನು ಇನ್ನೊಬ್ಬರಿಗೆ ದಾಟಿಸುವ ಬಟ್ಟೆ.

ಆಮೇಲೆ ಅಡುಗೆಮನೆಯಲ್ಲಿ ಕೂತು ಚಹಾ ಕುಡಿದಳು. ಲೋಟವನ್ನು ಕೆಳಗಿಟ್ಟು ಕೈ ತೆಗೆಯದೆ ಹಿಡಿದೇ ಕೂತಿದ್ದಳು.

"ಯಾಕೆ ಹಾಗೆ ಹಿಡ್ಕೊಂಡಿದೀಯ? ಯಾರೂ ಕಿತ್ಕೊಳಲ್ಲ," ಅಂದಳು ಅಮ್ಮ.

"ಉರುಳಿ ಹೋಗತ್ತೆ ಅಂತ," ಅಂದು, ಕೈ ಬಿಟ್ಟಳು. ಲೋಟ ಇಟ್ಟಲ್ಲೇ ನಿಂತಿತು. ಅವಳು ಅದನ್ನೇ ನೋಡುತ್ತ ನಕ್ಕಳು. ಅಮ್ಮನಿಗೆ ಅರ್ಥವಾಗಲಿಲ್ಲ, ಆದರೂ ಜೊತೆಗೆ ನಕ್ಕಳು.

ತಟ್ಟೆಯಲ್ಲಿ ಇಷ್ಟವಾದದ್ದನ್ನು ಕೊನೆಗೆ ಉಳಿಸಿಕೊಳ್ಳುವ ಮಕ್ಕಳ ಹಾಗೆ ಅವಳು ತನ್ನ ಮೂಲೆಯನ್ನು ಕೊನೆಗೆ ಇಟ್ಟುಕೊಂಡಿದ್ದಳು. ಈಗ ಎದ್ದು, ಚೀಲ ಹೆಗಲಿಗೇರಿಸಿ, ಒಳಕೋಣೆಗೆ ಹೋದಳು.

ಮಂಚ ಇರಲಿಲ್ಲ.

ಮಂಚದ ಜಾಗದಲ್ಲಿ ಹೊಲಿಗೆ ಯಂತ್ರ. ಕಿಟಕಿಯ ಬೆಳಕೆಲ್ಲ ಅದರ ಸೂಜಿಯ ಮೇಲೆ ಬೀಳುತ್ತಿತ್ತು. ಅವಳ ಹಲಗೆಯ ಮೇಲೆ ಲೋಟದ ಬದಲು ನೂಲಿನ ಉಂಡೆಗಳು. ಯಂತ್ರದ ಮುಂದೆ ಸ್ಟೂಲಿನ ಮೇಲೆ ಅತ್ತಿಗೆ ಕೂತಿದ್ದಳು. ಅತ್ತಿಗೆ ಕೂತಿದ್ದದ್ದು ಇವಳ ದಿಂಬಿನ ಮೇಲೆ.

ಅತ್ತಿಗೆ ಈ ಮನೆಗೆ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಅವಳು ಬಂದ ಸ್ವಲ್ಪ ಸಮಯಕ್ಕೇ ಇವಳು ತಂಡದ ಜೊತೆ ಹೊರಟದ್ದರಿಂದ ಇಬ್ಬರ ನಡುವೆ ಹತ್ತಾರು ಮಾತು ಕೂಡ ಆಗಿರಲಿಲ್ಲ. ಈಗ ಅವಳು ಗಡಬಡಿಸಿ ಎದ್ದು ನಿಂತಳು. ತೊಡೆಯ ಮೇಲಿದ್ದ ಕಪ್ಪು ಬಟ್ಟೆ ಜಾರಿ ಕೆಳಗೆ ಬಿತ್ತು.

ಹಿಂದೆಯೇ ಬಂದ ಅಮ್ಮ ಹೇಳಿದಳು: "ನಿನ್ನ ಮಂಚ ಮಡಚಿ ಹಿಂದೆ ಇಟ್ಟಿದೀವಿ ಕಣೆ. ಅವಳಿಗೆ ಹೊಲಿಯೋಕೆ ಜಾಗ ಇರ್ಲಿಲ್ಲ. ನಿನಗೆ ನಡುಮನೆಯಲ್ಲಿ ಹಾಸಿಗೆ ಹಾಕ್ತೀನಿ. ನಿನಗೇನು, ಕಲ್ಲಿನ ಮೇಲೆ ಮಲಗಿ ಬಂದವಳು, ಎಲ್ಲಿ ಹಾಕಿದ್ರೂ ನಿದ್ದೆ ಮಾಡ್ತೀಯ."

ಕಲ್ಲಿನ ಮೇಲೆ ಮಲಗಿ ಬಂದದ್ದಕ್ಕೇ ಅಲ್ಲವೇ ಮಂಚ ಬೇಕಾಗಿರುವುದು! ಆದರೆ ಅದನ್ನು ಹೇಳುವುದು ಹೇಗೆ? ಇವತ್ತು ನಡುಮನೆಯಲ್ಲಿ ಮಲಗಿದರೆ, ನಾಳೆಯಿಂದ ಅವಳ ಜಾಗ ನಡುಮನೆಯೇ. ಪ್ರತಿ ಸಲ ಬಂದಾಗಲೂ ಹಾಸಿ, ಹೋಗುವಾಗ ಸುತ್ತಿಡುವ ಹಾಸಿಗೆ. ತನ್ನ ಮನೆಯಲ್ಲೇ ನೆಂಟಳು. ಇದೆಲ್ಲ ಗೊತ್ತಿದ್ದೂ ನಾಲಿಗೆಯ ತುದಿಗೆ ಬಂದದ್ದು ಅದೇ ಹಳೆಯ ಪದ. "ಪರ..." ಅನ್ನುವಷ್ಟರಲ್ಲಿ ಹೆಗಲಿನ ಪಟ್ಟಿ ಜಾರಿತು. ಚೀಲ ದೊಪ್ಪೆಂದು ನೆಲಕ್ಕೆ ಬಿತ್ತು.

ಸದ್ದು ಕೇಳಿದ್ದೇ ತಡ, ಬಾಯಿ ತಾನಾಗಿ ತೆರೆಯಿತು.

"ನಂದು!"

ಹೊಳೆ ಆಚೆಗೆ ಕೇಳುವ ಕೂಗು ಅದು. ಒಳಕೋಣೆಯಲ್ಲಿ ಹೇಗೆ ಹಿಡಿಸೀತು? ಕಿಟಕಿಯ ಗಾಜು ಝಣ್ ಅಂದಿತು. ಮುಂದಿನ ಕೋಣೆಯಲ್ಲಿ ಅಪ್ಪನ ಕೈಯಿಂದ ಸ್ಕ್ರೂಡ್ರೈವರ್ ಬಿದ್ದು ಉರುಳಿದ ಸದ್ದಾಯಿತು. ಓಣಿಯಲ್ಲಿ ಹೋಗುತ್ತಿದ್ದ ಯಾರೋ "ಏನದು, ಏನು ಕಳೆದುಹೋಯ್ತು?" ಅಂತ ಕೇಳಿದರು. ಕೂತಲ್ಲಿಂದ ಏಳದ ಅಣ್ಣ ಎದ್ದು ಓಡಿ ಬಂದ.

"ಕೂಗಿದ್ದು ಯಾರು?"

"ಬೆಕ್ಕು," ಅಂದಳು ಅಮ್ಮ, ತನ್ನ ಕಿವಿಯನ್ನೇ ನಂಬದವಳ ಹಾಗೆ.

"ಬೆಕ್ಕಾ? ಹುಲಿಯಾಗಿ ಬಂದಿದೆಯಲ್ಲಮ್ಮ ಇದು!"

ಅವಳ ಮುಖ ಕೆಂಪಾಗಿತ್ತು. ಆದರೆ ಚೀಲವನ್ನು ಎತ್ತಿಕೊಳ್ಳಲಿಲ್ಲ. ಕಾನೂನು ಅಂದರೆ ಕಾನೂನು.

ಅತ್ತಿಗೆ ಮಾತ್ರ ನಗಲಿಲ್ಲ. ಬಗ್ಗಿ ಬಟ್ಟೆಗಳನ್ನು ಬಾಚಿಕೊಳ್ಳತೊಡಗಿದಳು. ದಿಂಬನ್ನು ತಟ್ಟಿ, ಧೂಳು ಕೊಡವಿ, ಇವಳ ಕೈಗೆ ಕೊಟ್ಟಳು. "ನಿಂದೇ ಜಾಗ ಅಲ್ವಾ, ನಾನು ಕೇಳ್ಬೇಕಿತ್ತು. ಈಗಲೇ ತೆಗೆದುಬಿಡ್ತೀನಿ. ನನಗೇನು, ಪರವಾಗಿಲ್ಲ."

ಪರವಾಗಿಲ್ಲ. ಆ ಪದ ಇನ್ನೊಬ್ಬರ ಬಾಯಲ್ಲಿ ಹೇಗೆ ಕೇಳಿಸುತ್ತದೆ ಅಂತ ಅವಳಿಗೆ ಈವರೆಗೆ ಗೊತ್ತಿರಲಿಲ್ಲ. ಅದರೊಳಗೆ ಏನೇನು ಮಡಚಿ ಇಟ್ಟಿರುತ್ತಾರೆ ಅನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಕ್ಷಣ, ಇರಲಿ ಬಿಡಿ ಅತ್ತಿಗೆ, ನೀವೇ ಇಟ್ಕೊಳ್ಳಿ ಅಂದುಬಿಡೋಣ ಅನ್ನಿಸಿತು. ಅಂದರೆ ಮತ್ತೆ ಇಬ್ಬರಲ್ಲಿ ಒಬ್ಬರು ಬೇರಿನ ಮೇಲೆ ಮಲಗಿದ ಹಾಗೆ.

ದಿಂಬನ್ನು ಕಂಕುಳಲ್ಲಿ ಒತ್ತಿ ಹಿಡಿದು ಕೇಳಿದಳು: "ಅತ್ತಿಗೆ, ಈ ಜಾಗ ನಂದು. ನಿಮ್ಮದು ಯಾವುದು?"

ಅತ್ತಿಗೆ ಕೈಲಿದ್ದ ಬಟ್ಟೆ ಹಿಡಿದುಕೊಂಡೇ ನಿಂತಳು. "ನಂದು ಅಂತ... ಏನಿದೆ?"

"ಎಲ್ಲಿ ಬೇಕು, ಹೇಳಿ."

"ಬೆಳಕಿದ್ರೆ ಸಾಕು. ಕಪ್ಪು ಬಟ್ಟೆಗೆ ಕಪ್ಪು ನೂಲು ಹಾಕ್ತಾ ಇದ್ರೆ ಹೊಲಿಗೆ ಎಲ್ಲಿ ಹೋಯ್ತು ಅಂತಾನೇ ಕಾಣಲ್ಲ." ಅವಳು ಅಣ್ಣನ ಕಡೆ ನೋಡಿ ದನಿ ಇಳಿಸಿದಳು. "ಈ ಮನೆಯಲ್ಲಿ ಬೆಳಕು ಬರೋ ಕಿಟಕಿ ಎರಡೇ."

ಒಂದು ಇದು. ಇನ್ನೊಂದು?

ಎಲ್ಲರ ತಲೆಗಳೂ ನಿಧಾನವಾಗಿ ಮುಂದಿನ ಕೋಣೆಯ ಕಡೆ ತಿರುಗಿದವು. ಅಪ್ಪ ನೆಲಕ್ಕೆ ಬಗ್ಗಿ ಸ್ಕ್ರೂಡ್ರೈವರ್ ಹುಡುಕುತ್ತಿದ್ದವನು ತಲೆ ಎತ್ತಿದ.

"ಏನು? ಯಾಕೆ ಎಲ್ಲರೂ ನನ್ನನ್ನೇ ನೋಡ್ತಿದೀರಾ?"

ಅವಳು ನಾಲ್ಕು ಮಾತಿನಲ್ಲಿ ಕಾನೂನನ್ನು ತಿಳಿಸಿದಳು. ಇಟ್ಟು ಕೂಗಿದವರದು ಜಾಗ. ಸುಮ್ಮನೆ ನಿಂತವರದು ಇಳಿಜಾರು. ಒಮ್ಮೆ ಕೂಗಿದ ಮೇಲೆ ಜಗಳವಿಲ್ಲ. ಹುಟ್ಟಿದಾಗಿನಿಂದ ಅವಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಮನೆಯವರು ಕೇಳಿದ್ದು ಇದೇ ಮೊದಲು. ಅದಕ್ಕೇ ಯಾರೂ ನಡುವೆ ಬಾಯಿ ಹಾಕಲಿಲ್ಲ.

ಅತ್ತಿಗೆ ಯಂತ್ರದ ಮೇಲಿದ್ದ ಕತ್ತರಿಯನ್ನು ಕೈಗೆತ್ತಿಕೊಂಡಳು. ಮುಂದಿನ ಕೋಣೆಗೆ ನಡೆದಳು. ಕಿಟಕಿಯ ಬಳಿಯ ಮೇಜಿನ ಮೇಲೆ, ರೇಡಿಯೋಗಳ ನಡುವೆ ಸಿಕ್ಕ ಅಂಗೈಯಗಲದ ಖಾಲಿ ಜಾಗದಲ್ಲಿ ಕತ್ತರಿ ಇಟ್ಟು, ಪಿಸುಗುಟ್ಟಿದಳು: "ನಂದು."

"ಕೇಳಿಸ್ಲಿಲ್ಲ," ಅಂದ ಅಪ್ಪ ತಕ್ಷಣ. ಅವನಿಗೆ ಕೇಳಿಸಿತ್ತು.

"ಹೊಳೆ ಆಚೆಗೆ, ಅತ್ತಿಗೆ," ಅಂದಳು ಇವಳು ಹಿಂದಿನಿಂದ.

ಅತ್ತಿಗೆ ಕಣ್ಣು ಗಟ್ಟಿಯಾಗಿ ಮುಚ್ಚಿ, ಉಸಿರೆಳೆದು, ಕತ್ತರಿಯನ್ನು ಇನ್ನೊಮ್ಮೆ ಎತ್ತಿ ಕುಟ್ಟಿದಳು. "ನಂದು!" ಆ ಏಟಿಗೆ ಮೇಜಿನ ಮೇಲಿನ ಒಂದು ರೇಡಿಯೋ ಗರ್ ಅಂತ ಸದ್ದು ಮಾಡಿ ಸುಮ್ಮನಾಯಿತು. ವರ್ಷಗಳಲ್ಲಿ ಅದು ಆಡಿದ ಮೊದಲ ಮಾತು.

"ನೋಡಿ ಮಾವ, ನಾನು ರಿಪೇರಿನೂ ಮಾಡ್ತೀನಿ," ಅಂದುಬಿಟ್ಟಳು ಅತ್ತಿಗೆ. ಅಂದ ಮೇಲೆ ತಾನೇ ಹೆದರಿ ಬಾಯಿಗೆ ಕೈ ಇಟ್ಟುಕೊಂಡಳು.

ಅಪ್ಪನ ಗಡ್ಡ ಒಂದೆರಡು ಸಲ ಅಲುಗಿತು. ಬಯ್ಯುತ್ತಾನೆ ಅಂತ ಎಲ್ಲರೂ ಕಾದರು. "ಈ ಕಾನೂನು ಯಾರು ಮಾಡಿದ್ದು?" ಅಂತ ಕೇಳಿದ.

"ಗುಡುಗಜ್ಜಿ. ನಮ್ಮ ಮುಖ್ಯ ಅಡುಗೆಯವಳು."

"ಆಕೆಯನ್ನ ಯಾವತ್ತೂ ಈ ಮನೆಗೆ ಕರೀಬೇಡ," ಅಂದು, ಒಂದು ರೇಡಿಯೋ ಎತ್ತಿ ಕಂಕುಳಲ್ಲಿಟ್ಟುಕೊಂಡ.

ಅಣ್ಣನಿಗೆ ಬೇರೆ ದಾರಿ ಇರಲಿಲ್ಲ. ಯಂತ್ರವನ್ನು ಮುಂದಕ್ಕೆ ಹೊತ್ತ, ಮಂಚವನ್ನು ಒಳಕ್ಕೆ ತಂದ, "ಎತ್ತೋದು, ಇಳಿಸೋದು, ಮನೆಯಲ್ಲೂ ಇದೇ ಕೆಲಸ ಆಯ್ತು ನನಗೆ," ಅಂತ ಗೊಣಗಿದ. ಅಮ್ಮ ಹಾಸಿಗೆ ಹಾಸುತ್ತ ಹಾಸುತ್ತ ಮಗಳ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿದಳು. "ಮೊದಲೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೇ?" ಅಂದಳು.

ಸಂಜೆ ಅವಳು ಮಲಗಿದಳು. ದಿಂಬಿನಲ್ಲಿ ಅವಳ ತಲೆಯ ಹಳೆಯ ಗುಳಿಯ ಬದಲು ಅತ್ತಿಗೆಯ ಅಗಲವಾದ ಗುಳಿ ಇತ್ತು. ಅದನ್ನು ಸರಿಮಾಡಲು ನಾಲ್ಕು ದಿನ ಬೇಕಾದೀತು. ಗೋಡೆ ಬೆಚ್ಚಗಾಗತೊಡಗಿತ್ತು. ಬೆನ್ನು ಮೆಲ್ಲಮೆಲ್ಲನೆ ಒಂದೊಂದೇ ಕಲ್ಲನ್ನು, ಒಂದೊಂದೇ ಬೇರನ್ನು ಮರೆಯಿತು. ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದಳು. ಸ್ವಿಚ್ಚು ಅಲ್ಲೇ ಇತ್ತು. ಸುಮ್ಮನೆ ಒಮ್ಮೆ ಹತ್ತಿಸಿ ಆರಿಸಿದಳು.

ಮುಂದಿನ ಕೋಣೆಯಿಂದ ಯಂತ್ರದ ಕಟಕಟ ಸದ್ದು ಬರುತ್ತಿತ್ತು. ಗೋಡೆಯ ಆಚೆ, ಅಡುಗೆಮನೆಯಲ್ಲಿ, ಯಾರದೋ ಹೆಜ್ಜೆ ಸದ್ದು. ಏನೋ ಭಾರದ ವಸ್ತುವನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ ದೊಪ್ಪೆಂದು ಇಟ್ಟ ಸದ್ದು. ಆಮೇಲೆ ಅಪ್ಪನ ದನಿ, ಸ್ವಲ್ಪ ಅಳುಕುತ್ತ: "ನಂದು."

"ಏನಂದ್ರಿ?" ಅಂದಳು ಅಮ್ಮ. ಅವಳ ಕೈಯಲ್ಲಿದ್ದ ಸೌಟು ಪಾತ್ರೆಗೆ ಠಣ್ ಅಂತ ತಾಗಿತು.

ಕಟ್ಟೆಯ ಮೇಲಿಂದ ರೇಡಿಯೋವನ್ನು ಮೆಲ್ಲಗೆ ಎತ್ತಿಕೊಂಡ ಸದ್ದು.

"ಏನಿಲ್ಲ," ಅಂದ ಅಪ್ಪ. "ಪರವಾಗಿಲ್ಲ ಅಂದೆ."

ಅವಳು ದಿಂಬಿಗೆ ಮುಖ ಒತ್ತಿ ಹಿಡಿದು, ಮಂಚ ಅಲುಗುವಷ್ಟು ನಕ್ಕಳು.