ಅಳತೆಯ ದಿನ ಆಂಬ್ರೋಸ್ ಎಸೆದ ಮೂರು ಚೆಂಡು

ಕೈ ನೋಡಿ ಚೆಂಡು ಕೊರೆಯಬೇಕು, ಮುಖ ನೋಡಿ ಅಲ್ಲ. ಮೂವತ್ತೆಂಟು ವರ್ಷದಿಂದ ಅಂಗಡಿಗೆ ಬಂದವರಿಗೆಲ್ಲ ಇದನ್ನು ಹೇಳಿಕೊಂಡು ಬಂದವಳು ನಾನು, ಬರ್ನಿ ಡ್ಯೂಡೆಕ್. ಅಮೆರಿಕದಲ್ಲಿ, ಸರೋವರದ ದಡದ ಊರು ಶೆಬಾಯ್ಗನ್ನಿನ ಬೌಲಿಂಗ್ ಹಾಲಿನ ಮೂಲೆಯಲ್ಲಿ ನನ್ನದೊಂದು ಅಂಗಡಿಯಿದೆ. ಎಣ್ಣೆ ಹಚ್ಚಿದ ಉದ್ದನೆಯ ಹಲಗೆಹಾದಿಯಲ್ಲಿ, ಅಂದರೆ ಲೇನಿನಲ್ಲಿ, ಭಾರದ ಚೆಂಡು ಉರುಳಿಸಿ ತುದಿಯ ಹತ್ತು ಪಿನ್ನು ಬೀಳಿಸುವ ಆಟ ಅದು; ಆ ಚೆಂಡಿಗೆ ಬೆರಳು ತೂರಿಸುವ ತೂತು ಕೊರೆದು ಕೊಡುವುದು ನನ್ನ ಕಸುಬು. ಹೇಳಿದ ಮಾತನ್ನು ನಾನೇ ಮುರಿದದ್ದು ಒಂದೇ ಸಲ, ಅದೂ ಒಡಹುಟ್ಟಿದ ಅಣ್ಣನ ವಿಷಯದಲ್ಲಿ.

ಅಣ್ಣ ಆಂಬ್ರೋಸ್‌ಗೆ ಅರವತ್ತನಾಲ್ಕು. ಮೂವತ್ತೊಂದು ವರ್ಷದಿಂದ ಗುರುವಾರದ ತಂಡದಲ್ಲಿ ಆಡುತ್ತಿದ್ದ. ಹೆಂಡತಿ ತೀರಿಕೊಂಡ ಮೇಲಂತೂ ವಾರದಲ್ಲಿ ಅವನು ಬಾಯಿಬಿಟ್ಟು ನಗುತ್ತಿದ್ದದ್ದು ಆ ಒಂದು ಸಂಜೆ ಮಾತ್ರ. ಕಳೆದ ವರ್ಷ ಬಲಗೈಗೆ ನರದ ಕಾಯಿಲೆ ಹತ್ತಿತು. ಮಿಲ್ವಾಕಿಯ ಡಾಕ್ಟರು ಸುತ್ತಿಬಳಸದೆ ಹೇಳಿದರು: ಈ ಕೈಯ ಬಲ ಇಳಿಯುತ್ತಾ ಹೋಗುತ್ತದೆಯೇ ಹೊರತು ಏರುವುದಿಲ್ಲ, ಒತ್ತಾಯ ಮಾಡದೆ ಹಗುರವಾಗಿ ಬಳಸಿದರೆ ಇನ್ನೊಂದೆರಡು ಚಳಿಗಾಲ ಆಡಬಹುದು. ಆಟಕ್ಕೆ ಇನ್ನೂರು ಅಂಕ ದಾಟುತ್ತಿದ್ದ ಅವನ ಸರಾಸರಿ ಆಗಲೇ ನೂರೈವತ್ತಕ್ಕೆ ಬಿದ್ದಿತ್ತು.

ತಂಡದ ನಾಯಕ ಗಾರ್ಡಿ ಕೆಟ್ಟವನಲ್ಲ. ಒಂದು ಗುರುವಾರ ಆಟ ಮುಗಿದ ಮೇಲೆ ಕರಿದ ಚೀಸಿನ ಬುಟ್ಟಿಯನ್ನು ಅಣ್ಣನ ಕಡೆ ಸರಿಸಿ ಹೇಳಿದ.

"ಬೇಜಾರು ಮಾಡ್ಕೋಬೇಡ ಮಾರಾಯ. ಇನ್ನು ಮೂರು ಗುರುವಾರ ನೋಡ್ತೀವಿ. ನೂರಾ ಅರವತ್ತು ದಾಟ್ಲಿಲ್ಲ ಅಂದ್ರೆ ಬೇರೆಯವರನ್ನ ತಗೋಬೇಕಾಗತ್ತೆ."

"ಮೂರ್ಯಾಕೆ, ಒಂದೇ ಸಾಕು," ಎಂದ ಅಣ್ಣ. ಶನಿವಾರ ಬೆಳಿಗ್ಗೆ ಹೊಸ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, ಬೂಟಿನ ಹಿಮವನ್ನೂ ಕೊಡವದೆ ನನ್ನ ಅಂಗಡಿಗೆ ನುಗ್ಗಿದ.

ಚೆಂಡು ಹೊರಗೆ ಗುಂಡಗಿದ್ದರೂ ಒಳಗೆ ಭಾರದ ತಿರುಳೊಂದಿರುತ್ತದೆ. ಅದರ ತಲೆ ಎಲ್ಲಿದೆ ಎಂದು ತೋರಿಸಲು ಮೇಲೊಂದು ಬಣ್ಣದ ಚುಕ್ಕೆ. ಕೈಯಿಂದ ಬಿಟ್ಟ ಚೆಂಡು ಒಂದು ಬಿಂದುವಿನ ಸುತ್ತ ಗಿರಗಿರ ತಿರುಗುತ್ತದೆ. ಅದು ಒಬ್ಬೊಬ್ಬರ ಕೈಗೆ ಒಂದೊಂದು ಕಡೆ. ಆ ಬಿಂದುವಿಗೆ ಚುಕ್ಕೆ ಎಷ್ಟು ದೂರದಲ್ಲಿರಬೇಕು ಎಂದು ನಿರ್ಧರಿಸಿ ತೂತು ಕೊರೆಯುವುದೇ ನನ್ನ ವಿದ್ಯೆ; ಆ ಲೆಕ್ಕಕ್ಕೆ ಲೇಔಟ್ ಎನ್ನುತ್ತೇವೆ. ಗಟ್ಟಿ ಕೈಯವರಿಗೆ ದೂರ ಇಟ್ಟರೆ ಚೆಂಡು ಕೊನೆಯವರೆಗೆ ನಿದ್ದೆ ಮಾಡುತ್ತಾ ನೇರ ಹೋಗಿ, ಪಿನ್ನುಗಳ ಹತ್ತಿರ ಥಟ್ಟನೆ ಒಳಕ್ಕೆ ತಿರುಗುತ್ತದೆ. ಸೋತ ಕೈಗೆ ಹತ್ತಿರ ಇಡಬೇಕು. ಚೆಂಡು ಬೇಗ ಎದ್ದು ತಾನೇ ಸಾಧುವಾಗಿ ತಿರುಗಿಕೊಂಡು ಹೋಗುತ್ತದೆ. ನೋಡಲು ಸೊಗಸಿಲ್ಲ, ಆದರೆ ಪಿನ್ನು ಬೀಳುತ್ತದೆ. ಅಣ್ಣನಿಗೆ ಬೇಕಿದ್ದದ್ದು ಈ ಎರಡನೆಯದು, ಅದು ನನಗೂ ಗೊತ್ತಿತ್ತು.

"ಮುದುಕರ ಲೇಔಟ್ ಏನಾದ್ರೂ ಹಾಕಿದೆ ಅಂದ್ರೆ, ನಿನ್ನ ಡ್ರಿಲ್ಲನ್ನ ಎತ್ತಿ ಸರೋವರಕ್ಕೆ ಎಸೀತೀನಿ ನೋಡು."

"ಮುದುಕನಿಗೆ ಮುದುಕರದ್ದೇ ಕಣೋ. ಬಾಯಿ ಮುಚ್ಕೊಂಡು ಹಳೇ ಚೆಂಡು ಎಸಿ, ಅಳತೆ ತಗೋತೀನಿ."

ಫೋಟೋಗೆ ನಿಂತವರು ಹೊಟ್ಟೆ ಒಳಗೆ ಎಳೆದುಕೊಳ್ಳುವ ಹಾಗೆ, ಅಳತೆಯ ದಿನ ಎಲ್ಲರೂ ಸುಳ್ಳು ಎಸೆಯುತ್ತಾರೆ. ತಮ್ಮ ಕೈ ಹೇಗಿದೆಯೋ ಹಾಗಲ್ಲ, ಹೇಗಿರಬೇಕಿತ್ತೋ ಹಾಗೆ. ಅದಕ್ಕೇ ನಾನು ಮೊದಲು ಇಪ್ಪತ್ತು ಎಸೆಸಿ ಸುಸ್ತು ಮಾಡಿಸುತ್ತೇನೆ. ಆಮೇಲಿನ ಮೂರಕ್ಕೆ ಮಾತ್ರ ಟೇಪು ಹಿಡಿಯುತ್ತೇನೆ.

ಅಣ್ಣ ಮೊದಲ ಚೆಂಡು ಎಸೆದ. ದೇವರೇ, ಅದು ಹತ್ತು ವರ್ಷದ ಹಿಂದಿನ ಆಂಬ್ರೋಸ್. ಚೆಂಡು ಅಂಚಿನವರೆಗೆ ಹೋಗಿ, ಸರ್ರನೆ ಒಳಗೆ ನುಗ್ಗಿ ಹತ್ತೂ ಪಿನ್ನನ್ನು ಚೆಲ್ಲಾಡಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಲೇನಿನ ಎಣ್ಣೆ ಚೆಂಡಿನ ಮೇಲೆ ಉಂಗುರದಂತೆ ಅಚ್ಚುಕಟ್ಟಾಗಿ ಮೂಡಿತ್ತು; ತಿರುಗುವ ಬಿಂದುವನ್ನು ನಾನು ಹುಡುಕುವುದು ಆ ಉಂಗುರದಿಂದಲೇ. ಅವನು ಬಲಗೈಯನ್ನು ಕೂಡಲೇ ಜಾಕೀಟಿನ ಜೇಬಿಗೆ ತುರುಕಿಕೊಂಡ. ಜೇಬಿನ ಬಟ್ಟೆ ನಡುಗುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಅದಕ್ಕೆ ಮುಂಚಿನ ದಿನಗಳಲ್ಲಿ ಕೈಗೆ ಬಿಸಿ ಶಾಖ ಕೊಟ್ಟು, ಲೋಟ ಕೂಡ ಎತ್ತದೆ, ಆ ಮೂರು ಎಸೆತಕ್ಕಾಗಿ ಬಲ ಕೂಡಿಟ್ಟುಕೊಂಡು ಬಂದಿದ್ದನೆಂದು ಆಮೇಲೆ ತಿಳಿಯಿತು.

"ಸಾಕಾ?" ಎಂದ.

ಇನ್ನೂ ಹದಿನೇಳು ಎಸಿ, ಅಳತೆ ಆಮೇಲೆ ಎನ್ನಬೇಕಿತ್ತು. ಅವನ ಮುಖ ನೋಡಿದೆ. ಸಾಕು ಎಂದೆ.

ಆ ಮೂರು ಎಸೆತಕ್ಕೇ ಕೊರೆದುಕೊಟ್ಟೆ. ಚುಕ್ಕೆಯಿಂದ ಬಿಂದುವಿಗೆ ಭರ್ತಿ ಐದು ಇಂಚು, ಗಟ್ಟಿ ಕೈಯವರ ದೂರ.

ಗುರುವಾರ ಮೊದಲ ಎರಡು ಎಸೆತ ಚೆನ್ನಾಗಿಯೇ ಹೋದವು. ಆಮೇಲೆ ಕೈ ಸೋತಿತು. ಚೆಂಡು ಕೊನೆಯವರೆಗೂ ನಿದ್ದೆಯಲ್ಲೇ ಜಾರಿಕೊಂಡು ಹೋಗಿ ಪಿನ್ನುಗಳ ಪಕ್ಕದಲ್ಲಿ ಬೀಳತೊಡಗಿತು. ಆ ಸಂಜೆಯ ಸರಾಸರಿ ನೂರ ಹದಿನೆಂಟು. ನಾನು ಓಡಿಹೋಗಿ ಹೇಳಿದೆ, ತಪ್ಪು ನನ್ನದು, ತೂತು ಮುಚ್ಚಿ ಹೊಸದಾಗಿ ಕೊರೆದುಕೊಡ್ತೀನಿ ಎಂದು. ಅವನು ಚೆಂಡನ್ನು ಎದೆಗೆ ಅವುಚಿಕೊಂಡ.

"ಚೆಂಡು ಸರಿಯಾಗೇ ಇದೆ ಕಣೇ. ಕೈಗೆ ಅಭ್ಯಾಸ ಸಾಲದು."

ಮರುದಿನದಿಂದ ದಿನಾ ಬಂದ. ತಿರುಗದ ಚೆಂಡನ್ನು ತಿರುಗಿಸಲು ಮಣಿಕಟ್ಟು ತಿರುಚಿ ತಿರುಚಿ, ದಿನಕ್ಕೆ ಅರವತ್ತು, ಎಪ್ಪತ್ತು ಎಸೆತ. ಬೈದೆ, ಕೈ ಹಿಡಿದು ಎಳೆದೆ, ಒಮ್ಮೆ ದೀಪವನ್ನೇ ಆರಿಸಿದೆ. ಡಾಕ್ಟರು ಯಾವುದು ಬೇಡ ಎಂದಿದ್ದರೋ ಅದನ್ನೇ ನನ್ನ ಕೊರೆತ ಅವನಿಂದ ಮಾಡಿಸುತ್ತಿತ್ತು. ಎರಡನೆಯ ಗುರುವಾರ ತೊಂಬತ್ತಾರು.

ಮರುದಿನ ಅವನೇ ಬಂದು ಚೆಂಡನ್ನು ಮೇಜಿನ ಮೇಲಿಟ್ಟ. "ಮುದುಕರದ್ದೇ ಹಾಕು," ಎಂದ.

ತೂತಿಗೆ ರಾಳ ತುಂಬಿ, ಗಟ್ಟಿಯಾಗಲು ಒಂದು ದಿನ ಬಿಟ್ಟು, ಹಳೇ ಚೆಂಡು ಕೊಟ್ಟು ಮತ್ತೆ ಅಳತೆಗೆ ನಿಲ್ಲಿಸಿದೆ. ಐದು ಸಲ ಎಸೆದ. ಐದು ಸಲವೂ ಎಣ್ಣೆಯ ಗೆರೆ ಬೇರೆ ಬೇರೆ ಕಡೆ, ಅದೂ ಉಜ್ಜಿಕೊಂಡ ಕಲೆಯ ಹಾಗೆ. ಆರನೆಯದು ಬೆರಳಿನಿಂದ ಜಾರಿ ಅವನ ಕಾಲ ಬಳಿಯೇ ಧೊಪ್ಪೆಂದು ಬಿತ್ತು. ತಿರುಗದ ಚೆಂಡಿಗೆ ಬಿಂದು ಎಲ್ಲಿಂದ ಹುಡುಕಲಿ?

"ಯಾವ ಲೇಔಟ್ ಬರತ್ತೆ?" ಎಂದು ಕೇಳಿದ.

"ಯಾವುದೂ ಬರಲ್ಲ, ಆಂಬ್ರೋಸ್."

ಅವನು ತಲೆಯಾಡಿಸಿ ಬೂಟು ಹಾಕಿಕೊಳ್ಳಲು ಕೂತ. ದಾರ ಕಟ್ಟಲು ಬರಲಿಲ್ಲ; ನಾನೇ ಕಟ್ಟಿದೆ. ಒಂದೆರಡು ಚಳಿಗಾಲ ಉಳಿದಿತ್ತು ಆ ಕೈಯಲ್ಲಿ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನಗೆ ಕೆಡಿಸಿದ ಮೇಲೆ ಬಂತು.

ಮೂರನೆಯ ಗುರುವಾರ ಗಾರ್ಡಿ ಅಣ್ಣನ ಜಾಗಕ್ಕೆ ಹೊಸಬನನ್ನು ಕರೆತಂದ. ವೆಂಡೆಲ್ ಎಂದು, ನಲವತ್ತು ದಾಟಿದವನು, ಕಾಗದದ ಕಾರ್ಖಾನೆಯವನು. ಊರಿನಲ್ಲಿ ಚೆಂಡು ಕೊರೆಯುವವಳು ನಾನೊಬ್ಬಳೇ, ಹಾಗಾಗಿ ಅವನ ಅಳತೆಯೂ ನನ್ನ ಪಾಲಿಗೇ ಬಂತು. ಅಣ್ಣ ಅಭ್ಯಾಸಬಲದಿಂದ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ, ಎಡಗೈಯಲ್ಲಿ ಬಿಯರ್ ಹಿಡಿದು. ವೆಂಡೆಲ್ ಎದೆಯುಬ್ಬಿಸಿ ಓಡಿಬಂದು ಗುಡುಗಿನಂತೆ ಒಂದು ಚೆಂಡು ಬಿಟ್ಟ. ಪಿನ್ನೆಲ್ಲ ಉರುಳಿದವು, ಅವನು ತಿರುಗಿ ನನ್ನ ಮುಖ ನೋಡಿದ.

"ಅಷ್ಟು ಜೋರಾಗಿ ಎಸೀಬೇಡಪ್ಪ," ಎಂದ ಆಂಬ್ರೋಸ್ ಹಿಂದಿನಿಂದ. "ಅವಳು ನಂಬಿಬಿಡ್ತಾಳೆ."

ವೆಂಡೆಲ್ ತಮಾಷೆ ಎಂದುಕೊಂಡು ನಕ್ಕ. ನಾನು ನಗಲಿಲ್ಲ, ಆಂಬ್ರೋಸನೂ ನಗಲಿಲ್ಲ.