ಒದ್ದೆ ತೂಕ

ನಮ್ಮ ಮನೆಯಲ್ಲಿ ಇಂಗ್ಲಿಷ್ ಬರುವವಳು ನಾನೊಬ್ಬಳೇ. ಅದರ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಅಪ್ಪನದು ಗುಜರಿ ಅಂಗಡಿ. ಅಲ್ಲಿ ತೂಕ ಮಾಡುವವಳು ಅಮ್ಮ. ಅಂಗಡಿಯ ಹಿಂದಿನ ಎರಡು ಕೋಣೆಯೇ ಅವರ ಮನೆ. ಬ್ಯಾಂಕಿನ ಕಾಗದವಿರಲಿ, ಕರೆಂಟ್ ಬಿಲ್ ಇರಲಿ, ಓದಿ ಹೇಳಲು ನಾನು ಊರಿನ ಆ ತುದಿಯಿಂದ ಬರಬೇಕು. ಬಂದು, ಕಣ್ಣಾಡಿಸಿ, "ಏನಿಲ್ಲ ಬಿಡಿ" ಎಂದು ಹೊರಟುಬಿಡುವುದು ನನ್ನ ರೂಢಿ.

ಅಪ್ಪನ ಹೃದಯ ಸೋತು, ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಡಿಸ್ಚಾರ್ಜ್ ಆದಾಗಲೂ ಹಾಗೇ ಆಯಿತು. ನರ್ಸ್ ಮೂರು ಪುಟದ ಇಂಗ್ಲಿಷ್ ಕಾಗದ ಕೈಗಿಟ್ಟಳು. ಕೆಳಗೆ ಗಾಡಿ ಕಾಯುತ್ತಿತ್ತು, ನನಗೆ ಆಫೀಸಿಗೆ ಹೊತ್ತಾಗಿತ್ತು. ಕಾಗದದ ಫೋಟೋ ಹೊಡೆದುಕೊಂಡು, ಮೆಟ್ಟಿಲಿಳಿಯುತ್ತಲೇ ಹೇಳಿ ಮುಗಿಸಿದೆ.

"ಮಾತ್ರೆ ಬೆಳಿಗ್ಗೆ ಮೂರು, ರಾತ್ರಿ ಎರಡು. ಉಪ್ಪು ಕಮ್ಮಿ. ದಿನಾ ಎದ್ದ ತಕ್ಷಣ ತೂಕ ನೋಡಿ ಬರೆದಿಡಬೇಕು. ಅಷ್ಟೇ."

"ತೂಕ ಯಾಕಂತೆ?" ಎಂದಳು ಅಮ್ಮ.

"ಬರೆದಿಡಿ ಅಂತಿದೆ, ಬರೆದಿಡಮ್ಮ."

ತೂಕದ ವಿಷಯ ಅವರಿಗೆ ಹೇಳಿಕೊಡಬೇಕೇ? ಹಳೇ ಪೇಪರ್ ಕಟ್ಟು, ಕಬ್ಬಿಣದ ಸರಳು ಏರುತ್ತಿದ್ದ ಅಂಗಡಿಯ ದೊಡ್ಡ ತೂಕದ ಯಂತ್ರವನ್ನು ಮರುದಿನ ಅಪ್ಪನೇ ಏರಿದ. ಅಮ್ಮ ಕೀಲಿಗೊಂಚಲು ತೆಗೆಸಿದಳು, ಬೆಲ್ಟ್ ಬಿಚ್ಚಿಸಿದಳು, ಚಪ್ಪಲಿ ಬಿಡಿಸಿದಳು. ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಅರವತ್ತೆರಡು ಎಂದು ಬರೆದಳು.

"ನನ್ನನ್ನೂ ಗುಜರಿಗೆ ಸೇರಿಸ್ಬಿಟ್ಯಲ್ಲೇ," ಅಂದನಂತೆ ಅಪ್ಪ.

"ನಿಮ್ಮನ್ನ ಯಾರು ತಗೋತಾರೆ, ಇಳೀರಿ," ಅಂದಳಂತೆ ಅಮ್ಮ.

ಮೂರನೇ ದಿನ ಅಪ್ಪನೇ ಫೋನ್ ಮಾಡಿದ. "ಒಂದು ಕಿಲೋ ಏರಿದೀನಿ ಕಣಮ್ಮ." ಕಾಯಿಲೆಯಿಂದ ಎದ್ದವನು ಮೈ ತುಂಬಿಕೊಂಡರೆ ಯಾರಿಗೆ ಖುಷಿಯಾಗುವುದಿಲ್ಲ? ಎದುರಿನ ಸೈಕಲ್ ರಿಪೇರಿಯವನೂ "ಮುಖಕ್ಕೆ ಕಳೆ ಬಂತು, ಇನ್ನು ಭಯ ಇಲ್ಲ" ಎಂದನಂತೆ. ನಾನೂ ಹಾಲು ಕುಡಿದಷ್ಟು ಸಂತೋಷಪಟ್ಟು, "ಹಾಗೇ ಏರ್ತಾ ಇರ್ಲಿ ಅಪ್ಪ" ಎಂದೆ. ಆ ಮಾತು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ನಾಲ್ಕನೇ ದಿನ ಅರವತ್ನಾಲ್ಕೂವರೆ.

ಖುಷಿಪಡದವಳು ಅಮ್ಮ ಒಬ್ಬಳೇ. ಗಂಡ ತಿನ್ನುತ್ತಿದ್ದದ್ದು ಅರ್ಧ ತಟ್ಟೆ, ಅದೂ ಗದರಿಸಿದ ಮೇಲೆ. ಹಾಗಾದರೆ ಈ ತೂಕ ಎಲ್ಲಿಂದ ಬಂತು? ಅವಳ ಕಸುಬಿನಲ್ಲಿ ಇದು ಹಳೇ ಪ್ರಶ್ನೆ. ಹಳೇ ಪೇಪರ್ ಮಾರಲು ಬರುವವರಲ್ಲಿ ಕೆಲವರು ಕಟ್ಟಿನ ನಡುವೆ ನೀರು ಚಿಮುಕಿಸಿ ತರುತ್ತಾರೆ. ಹೊರಗೆಲ್ಲ ಒಣಗಿದಂತೆಯೇ ಕಾಣುತ್ತದೆ, ಯಂತ್ರದ ಮುಳ್ಳು ಮಾತ್ರ ಮೇಲೇರುತ್ತದೆ. ಅಮ್ಮ ಬರೀ ಮುಳ್ಳನ್ನು ನಂಬುವವಳಲ್ಲ. ಕಟ್ಟಿಗೆ ಹೆಬ್ಬೆರಳು ಒತ್ತುತ್ತಾಳೆ. ಒತ್ತಿದ ಕಡೆ ಕುಳಿ ಹಾಗೇ ಉಳಿದರೆ ಒದ್ದೆ. ಮೂವತ್ತು ವರ್ಷದಲ್ಲಿ ಅವಳಿಗೆ ಟೋಪಿ ಹಾಕಿದವರಿಲ್ಲ.

ಆ ಬೆಳಿಗ್ಗೆ ಅವಳು ಗಂಡನನ್ನು ಸ್ಟೂಲಿನ ಮೇಲೆ ಕೂರಿಸಿ, ಪ್ಯಾಂಟು ಮೇಲೆ ಸರಿಸಿ, ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದಳು. ಕುಳಿ ಹಾಗೇ ಉಳಿಯಿತು.

ತಕ್ಷಣ ನನಗೆ ಫೋನ್. "ಆ ಕಾಗದದ ಫೋಟೋ ತೆಗಿ. ತೂಕ ಅನ್ನೋ ಕಡೆಯಿಂದ ಪೂರ್ತಿ ಓದು."

"ಹೇಳಿದ್ನಲ್ಲಮ್ಮ. ನಾನು ಆಫೀಸಲ್ಲಿದೀನಿ."

"ನಿಮ್ಮಪ್ಪಂದು ಒದ್ದೆ ತೂಕ. ಓದೇ."

ಓದಿದೆ. ತೂಕ ಬರೆದಿಡಿ ಎಂಬುದರ ಕೆಳಗೇ ಇತ್ತು: ಮೂರು ದಿನದಲ್ಲಿ ಎರಡು ಕಿಲೋ ಏರಿದರೆ, ಅಥವಾ ಕಾಲು ಊದಿದರೆ, ಮೈಯಲ್ಲಿ ನೀರು ತುಂಬುತ್ತಿದೆ ಎಂದರ್ಥ, ತಡಮಾಡದೆ ಆಸ್ಪತ್ರೆಗೆ ಬನ್ನಿ. ತಡವರಿಸುತ್ತ ಅದನ್ನು ಹೇಳಿ ಮುಗಿಸಿದರೆ ಅಮ್ಮ "ಹೂಂ" ಎಂದಳಷ್ಟೇ. ಆಗಲೇ ಅಂಗಡಿ ಬಾಗಿಲು ಎಳೆದು, ಅಪ್ಪನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊರಟಿದ್ದಳು.

ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಅಪ್ಪನಿಗೆ ನೀರು ಇಳಿಸುವ ಇಂಜೆಕ್ಷನ್ ಕೊಟ್ಟಾಗಿತ್ತು. ಇನ್ನೊಂದು ದಿನ ತಡವಾಗಿದ್ದರೆ ನೀರು ಶ್ವಾಸಕೋಶಕ್ಕೆ ತುಂಬಿ ಉಸಿರೇ ಕಟ್ಟುತ್ತಿತ್ತು ಎಂದರು ಡಾಕ್ಟರು. ಇದನ್ನು ಗಮನಿಸಿದ್ದು ಯಾರು ಎಂದು ನನ್ನ ಮುಖ ನೋಡಿದರು, ಇಂಗ್ಲಿಷ್ ಮಾತಾಡುತ್ತಿದ್ದವಳು ನಾನಲ್ಲವೇ. ನಾನು ಅಮ್ಮನ ಕಡೆ ಕೈ ತೋರಿಸಿದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನನ್ನ ಆ ಒಕ್ಕಾಲಿನಲ್ಲೂ ಅರ್ಧ ಮೆಟ್ಟಿಲ ಮೇಲೇ ಬಿದ್ದುಹೋಗಿತ್ತು.

ಐದು ದಿನದ ನಂತರ ಮತ್ತೆ ಡಿಸ್ಚಾರ್ಜ್, ಮತ್ತೆ ಮೂರು ಪುಟ. ಅಮ್ಮ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಪ್ಪನ ಮಂಚದ ಪಕ್ಕ ಕುರ್ಚಿ ಎಳೆದು ನನ್ನನ್ನು ಕೂರಿಸಿ, ಮೆಲ್ಲಗೆ ಹೇಳಿದಳು:

"ನಿಂಗೆ ಕೆಲಸ ಜಾಸ್ತಿ, ಗೊತ್ತು. ಆದ್ರೆ ಮಗಳೇ, ಇದ್ರಲ್ಲಿ ನೀನು ಓದಿ ಹೇಳಿದ್ದಷ್ಟೇ ನಮಗೆ ಇರೋದು. ನೀನು ಬಿಟ್ಟಿದ್ದನ್ನ ಡಾಕ್ಟರು ಬರೆದೇ ಇಲ್ಲ ಅಂತ್ಲೇ ನಾವು ಬದುಕ್ತೀವಿ."

ಮೊದಲ ಪುಟದ ಮೇಲ್ತುದಿಯಲ್ಲಿದ್ದ ಆಸ್ಪತ್ರೆಯ ಹೆಸರಿನಿಂದಲೇ ಶುರುಮಾಡಿದೆ. ಒಂದೊಂದೇ ಸಾಲು ಓದಿ, ಅರ್ಥ ಹೇಳಿದೆ. ಅಪ್ಪನೂ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಎರಡನೇ ಪುಟದ ನಡುವೆ ಒಂದು ಸಾಲಿಗೆ ಬಂದು ನಿಂತೆ. ಮೊದಲಾಗಿದ್ದರೆ ದಾಟಿಬಿಡುತ್ತಿದ್ದೆ, ಅವರಿಗೆ ಗೊತ್ತೂ ಆಗುತ್ತಿರಲಿಲ್ಲ.

"ಅಮ್ಮ, ಇದು ನಂಗೂ ಅರ್ಥ ಆಗ್ತಿಲ್ಲ," ಎಂದೆ. ಅವರಿಬ್ಬರ ಮುಂದೆ ನಾನು ಈ ಮಾತು ಹೇಳಿದ್ದು ಅದೇ ಮೊದಲು.

ಅಮ್ಮ ನನ್ನ ತಲೆಯ ಮೇಲೊಮ್ಮೆ ಕೈಯಿಟ್ಟು, ಎದ್ದುಹೋಗಿ ನರ್ಸನ್ನು ಕರೆದುಕೊಂಡು ಬಂದಳು.