ಚಪ್ಪಡಿಯ ಕೆಳಗಿನವರು

ಹಾರೆ ಠಣ್ಣೆಂದಿತು. ಗುಂಡಿ ತೆಗೆಯುತ್ತಿದ್ದ ಕೆಂಚಯ್ಯ ಬೆವರೊರೆಸಿಕೊಂಡು, ದಡದಲ್ಲಿ ನಿಂತಿದ್ದ ಅಣ್ಣನ ಮಗಳು ಯಲ್ಲಮ್ಮನ ಕಡೆ ತಲೆಯೆತ್ತಿದ.

"ಚಪ್ಪಡಿ ಸಿಕ್ತು ಕಣವ್ವ. ನಿಮ್ಮವ್ವ ಕಾಯ್ಕೊಂಡಿದ್ದು ಇದನ್ನೇ ಇರ್ಬೇಕು."

ಅವ್ವ ಹನುಮಂತಮ್ಮ ಬೆಳಗ್ಗೆ ಹೋಗಿಬಿಟ್ಟಿದ್ದಳು. ಮಣ್ಣು ಮಾಡುವುದು ಎಲ್ಲಿ ಅನ್ನುವ ಮಾತು ಬಂದಿತ್ತು. ಹೊಲದ ತುಂಬ ಹಿಪ್ಪುನೇರಳೆ ಸೊಪ್ಪು; ಮನೆಯಲ್ಲಿ ರೇಷ್ಮೆಹುಳ ನಾಲ್ಕನೇ ಜ್ವರ ಎದ್ದು, ಕೊನೆಯ ಪೊರೆ ಕಳಚಿ, ಸೊಪ್ಪಿಗೆ ಬಾಯಿಬಿಡುತ್ತಿದ್ದವು. ಖಾಲಿ ಇದ್ದದ್ದು ಹೊಲದ ನಡುವೆ ಉಂಡೆಗಲ್ಲು ಸುತ್ತಿದ ಆ ಬೀಳು ಒಂದೇ. ಅಲ್ಲೇ ತೆಗೀತೀನಿ ಅಂದ ಕೆಂಚಯ್ಯ. ಯಲ್ಲಮ್ಮ ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಒಳಗೇನಿದೆ ಅಂತ ನೋಡುವ ಆಸೆ ಅವಳಿಗೆ ಲಂಗ ಹಾಕುತ್ತಿದ್ದ ಕಾಲದ್ದು.

*

ಆಗ ಅಪ್ಪ ಬಚ್ಚಲಿಗೆ ಆಗುತ್ತದೆ ಅಂತ ಅಲ್ಲಿಂದ ಒಂದು ಚಪ್ಪಡಿ ಎಬ್ಬಿಸಿ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದ. ಹನುಮಂತಮ್ಮ ಹೊಲಕ್ಕೆ ಹೋಗಿ, ತೆರೆದ ಗುಂಡಿಯೊಳಗೆ ಇಣುಕಿ ಬಂದವಳು ಒಲೆಯನ್ನೇ ಹಚ್ಚಲಿಲ್ಲ. ಕಲ್ಲು ವಾಪಸ್ ಹೋಗೋವರೆಗೂ ಮುದ್ದೆ ಇಲ್ಲ ಅಂದುಬಿಟ್ಟಳು. ಪಾಪ, ಅಪ್ಪ ಗೊಣಗಿಕೊಂಡೇ ಗಾಡಿ ಕಟ್ಟಿದ.

ಆಮೇಲೆ ಅಲ್ಲಿಗೆ ನೇಗಿಲು ಇಳಿಯಲಿಲ್ಲ. ಪುರಾತತ್ವ ಇಲಾಖೆಯವರು ಬಂದು ಹಳೇ ಕಾಲದ ಸಮಾಧಿ ಅಂತ ಬೋರ್ಡು ನೆಟ್ಟುಹೋದರು. ಅದನ್ನು ಯಾರೋ ಕಿತ್ತು ಕೊಟ್ಟಿಗೆಗೆ ಮರೆ ಕಟ್ಟಿಕೊಂಡರು. ಬೋರ್ಡು ಹೋದರೇನು, ಹನುಮಂತಮ್ಮ ಇದ್ದಳಲ್ಲ! ನಿಧಿ ಹುಡುಕಿಕೊಂಡು ಬಂದವರಿಗೆ ಪೊರಕೆ ಸೇವೆಯೇ ಆಗುತ್ತಿತ್ತು.

"ಒಳ್ಗಡೆ ಏನವ್ವ ಐತೆ?" ಅಂತ ಯಲ್ಲಮ್ಮ ಕೇಳಿದ್ದಳು.

"ಯಾರೋ ಮಲಗವ್ರೆ. ತಲೆತಾವು ಮಡಕೆ ಇಟ್ಟು ಕಳ್ಸವ್ರೆ. ಅಳ್ತಾ ಅಳ್ತಾ ಇಟ್ಟಿರ್ತಾರೆ ಕಣೆ. ನಾವ್ಯಾಕೆ ಕೀಳಾದು?"

"ಗಂಡ್ಸಾ, ಹೆಂಗ್ಸಾ?"

"ಅದ್ನೂ ನೋಡ್ಬೇಕಾ ನೀನು? ಹೋಗ್, ಸೊಪ್ಪು ಕುಯ್ಯೋಗು."

*

ಕೆಂಚಯ್ಯ ಸಂದಿಗೆ ಹಾರೆ ಕೊಟ್ಟು ಮೀಟಿದ. ಚಪ್ಪಡಿ ಒಸಿ ಅಲುಗಿ, ಕೈ ತೂರುವಷ್ಟು ಬಿರುಕು ಬಿಟ್ಟಿತು. ಯಲ್ಲಮ್ಮ ತಡೆಯಲಾರದೆ ಗುಂಡಿಗಿಳಿದು ಬಗ್ಗಿದಳು. ಒಳಗಿಂದ ತಣ್ಣನೆ ಗಾಳಿ ಮುಖಕ್ಕೆ ಬಂತು. ಕತ್ತಲಲ್ಲಿ ಒಂದು ಕರೀ ಮಡಕೆಯ ಬಾಯಿ ಕಂಡಿತು. ಅದರಾಚೆ ಬೆಳ್ಳಗೆ ಏನೋ ಇತ್ತು, ಏನೆಂದು ತಿಳಿಯಲಿಲ್ಲ.

"ಇನ್ನೊಂದ್ಸಲ ಮೀಟುದ್ರೆ ಪೂರ್ತಿ ಬಂದ್ಬುಡ್ತದೆ. ನಿಮ್ಮವ್ವನ್ಗೆ ಜಾಗ ಆಯ್ತದೆ."

"ಇವರ್ನ ಎಲ್ಲಿಗ್ ಹಾಕ್ತೀಯ ಚಿಕ್ಕಪ್ಪ?"

"ಯಾರ್ನ? ಇವ್ರು ಸತ್ತು ಯಾವ ಕಾಲಾಯ್ತೋ ಏನೋ."

"ಅವ್ವನ್ಗೂ ಒಂದಿನ ಯಾರಾದ್ರೂ ಹಂಗೇ ಅಂತಾರೆ."

ಯಲ್ಲಮ್ಮನಿಗೆ ಇನ್ನೊಂದು ಸಲ ಇಣುಕಬೇಕು ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

"ಹಾರೆ ತಗಿ ಚಿಕ್ಕಪ್ಪ. ಅವ್ವನ್ಗೆ ಸೊಪ್ಪಿನ ಮಧ್ಯ ಗುಂಡಿ ಹೊಡಿ. ಹುಳುಕ್ಕೆ ಎಲ್ಲಿಂದಾದ್ರೂ ಸೊಪ್ಪು ತತ್ತೀನಿ."

ಹಾರೆ ಎಳೆದರೂ ಬಿರುಕು ಮುಚ್ಚಲಿಲ್ಲ. ಯಲ್ಲಮ್ಮ ಒಂದು ಹಿಡಿ ಮಣ್ಣು ತೆಗೆದು, ಸತ್ತವರಿಗೆ ಹಾಕುವಂತೆ ಮೆಲ್ಲಗೆ ಬಿರುಕಿನೊಳಗೆ ಬಿಟ್ಟಳು. ಕೆಂಚಯ್ಯ ತಲೆಯ ವಸ್ತ್ರ ಬಿಚ್ಚಿ, ತಾನೂ ಒಂದು ಹಿಡಿ ಹಾಕಿದ. ಸಾವಿಗೆಂದು ಬಂದು ದಡದಲ್ಲಿ ನಿಂತಿದ್ದ ಜನ ಅದನ್ನು ಕಂಡು ಒಬ್ಬೊಬ್ಬರಾಗಿ ಇಳಿದರು.

"ಇದ್ಯಾರ್ಗೆ ಕಣೆ?" ಅಂತ ಕೊನೆಯಲ್ಲಿದ್ದ ಮುದುಕಿ ಮಾರಮ್ಮ ಮುಂದಿನವಳನ್ನು ಕೇಳಿದಳು. ಅವಳಿಗೂ ಗೊತ್ತಿರಲಿಲ್ಲ. ಮಾರಮ್ಮ ಚಪ್ಪಲಿ ಬಿಟ್ಟು, ಬಗ್ಗಿ ಮಣ್ಣು ತುಂಬಿಕೊಂಡಳು.